ಸಿರಿಂಜಿನಲ್ಲಿ ತುಂಬಿಟ್ಟ ಮದ್ದು: ಪಾತ್ರೆ ಮತ್ತು ಔಷಧಗಳ ಸಂಬಂಧವನ್ನು ಕುರಿತು

ಮಂಡ್ಯ ಜಿಲ್ಲೆಯ ಸಾರ್ವಜನಿಕ ಆರೋಗ್ಯದ ಚರಿತ್ರೆಗೆ ಸಂಬಂಧಿಸಿದಂತೆ ಹಿರಿಯರ ಬಾಯಿಮಾತಿನ ನೆನಪುಗಳನ್ನು ಸಂಗ್ರಹಿಸುತ್ತಿದ್ದ ಸಂದರ್ಭದಲ್ಲಿ ನಾವು ಮದ್ದೂರು ತಾಲ್ಲೂಕಿನ ಸೋಮನಹಳ್ಳಿಗೆ ಹೋಗಿದ್ದೆವು. (ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ದಾರಿಯಲ್ಲಿಯೂ ಒಂದು ಸೋಮನಹಳ್ಳಿ ಉಂಟು, ಇದು ಅದಲ್ಲ, ಎಸ್. ಎಂ. ಕೃಷ್ಣ ಅವರ ಹುಟ್ಟೂರು.) ಸಿಡುಬಿನ ಕಾಲದಲ್ಲಿ ಊರೂರಿಗೆ ಬರುತ್ತಿದ್ದ ದೇವಿ ಹಾಕುವವರನ್ನು ನೆನಪಿನಲ್ಲಿಟ್ಟುಕೊಂಡವರು ಯಾರಾದರೂ ಇದ್ದಾರೆಯೆ ಎಂದು ವಿಚಾರಿಸಿದಾಗ, ಎಪ್ಪತ್ತನ್ನು ದಾಟಿದ ಒಬ್ಬ ತಾಯಿಯ ಮನೆಯನ್ನು ತೋರಿಸಿದರು. ಆಕೆ ಸೆರಗನ್ನು ಸರಿಸಿ ಎಡತೋಳಿನ ಮೇಲಣ ಎರಡು ದುಂಡು ಕಲೆಗಳನ್ನು ತೋರಿಸಿ, “ಆ ದೇವಿ ಹಾಕೋರು ಬಂದ್ರೆ ನಾವು ಕಬ್ಬಿನ ಗದ್ದೆ ಒಳಕ್ಕೆ ಓಡೋಯ್ತಿದ್ದೋ” ಎಂದು ನಕ್ಕರು.

ನಾವು ಟಿಪ್ಪಣಿ ಬರೆದುಕೊಳ್ಳುತ್ತಿದ್ದ ಹೊತ್ತಿಗೆ, ಭಾನುವಾರವಾದ್ದರಿಂದ ಬೆಂಗಳೂರಿನಿಂದ ಬಂದಿದ್ದ ಅವರ ಮಗಳು ಪಕ್ಕದಲ್ಲಿಯೇ ಕುಳಿತು ಬೇರೊಂದು ಕೆಲಸವನ್ನು ಮಾಡುತ್ತಿದ್ದರು. ತಾಯಿಗೆ ಬಹುಕಾಲದಿಂದ ಸಕ್ಕರೆ ಕಾಯಿಲೆ, ಕಣ್ಣು ಮಂಜಾಗಿದೆ, ಸೀಸೆಯಿಂದ ಇನ್ಸುಲಿನ್ನನ್ನು ಗೆರೆ ನೋಡಿ ಅಳೆದು ಎಳೆದುಕೊಳ್ಳಲಾರರು. ಆದರೆ ತುಂಬಿದ ಸಿರಿಂಜನ್ನು ಕೈಗೆ ಕೊಟ್ಟರೆ ಹೊಟ್ಟೆಗೆ ತಾವೇ ಚುಚ್ಚಿಕೊಳ್ಳಬಲ್ಲರು. ಆದುದರಿಂದ ಮಗಳು ವಾರಕ್ಕೊಮ್ಮೆ ಬಂದು, ಹೊತ್ತಿಗೊಂದರಂತೆ ದಿನಕ್ಕೆರಡು, ಒಟ್ಟು ಹದಿನಾಲ್ಕು ಸಿರಿಂಜುಗಳನ್ನು ತುಂಬಿ ಫ್ರಿಜ್ಜಿನಲ್ಲಿಟ್ಟು ಹೋಗುತ್ತಾರೆ. ಕೊನೆಯ ಸಿರಿಂಜಿಗೆ ಮುಚ್ಚಳವನ್ನು ಹಾಕುತ್ತ ಆಕೆ ನಮ್ಮನ್ನು ಕೇಳಿದರು: “ಮೇಷ್ಟ್ರೇ, ನೀವು ಓದಿರೋರು. ಹಿಂಗೆ ತುಂಬಿ ಮಡಗಿದ್ರೆ ಮದ್ದು ಕೆಟ್ಟೋಯ್ತದಾ?”

ನಾವು ವೈದ್ಯರಲ್ಲ, ಔಷಧಶಾಸ್ತ್ರಜ್ಞರೂ ಅಲ್ಲ. ಆ ದಿನ ಉತ್ತರವನ್ನು ಹೇಳಲಾರದೆ, ತಿಳಿದು ಬಂದು ಹೇಳುತ್ತೇವೆಂದು ಮಾತು ಕೊಟ್ಟು ಹಿಂದಿರುಗಿದೆವು. ಆ ಮಾತನ್ನು ಉಳಿಸಿಕೊಳ್ಳಲು ಓದಿದುದರ ಫಲವೇ ಪ್ರಕೃತ ಲೇಖನ. ಓದುತ್ತ ಹೋದಂತೆ ನಮಗೆ ಮನವರಿಕೆಯಾದ ಸಂಗತಿಯೊಂದಿದೆ: ಔಷಧವೊಂದು ಎಷ್ಟು ಕಾಲ ಬಾಳುತ್ತದೆ ಎಂಬ ಪ್ರಶ್ನೆಗೆ ಔಷಧವನ್ನು ಮಾತ್ರ ನೋಡಿ ಉತ್ತರ ಹೇಳುವುದು ಶಕ್ಯವಿಲ್ಲ. ಯಾವ ಪಾತ್ರೆಯಲ್ಲಿ ಎಂಬುದು ಪ್ರಶ್ನೆಯ ಅರ್ಧಭಾಗ. ಈ ಅರ್ಧಭಾಗಕ್ಕೆ ನಮ್ಮ ನಾಡಿನಲ್ಲಿಯೇ ಇನ್ನೂರು ವರ್ಷಗಳಿಗೂ ಮೀರಿದ ಚರಿತ್ರೆಯಿದೆಯೆಂಬುದನ್ನು ಕಂಡಾಗ, ಆ ತಾಯಿಯ ತೋಳಿನ ಕಲೆಗೂ ಮಗಳ ಕೈಯಲ್ಲಿದ್ದ ಸಿರಿಂಜಿಗೂ ಇರುವ ನಂಟು ನಮಗೆ ಗೋಚರಿಸಿತು.

ಮೊದಲು ಆ ಕಲೆಯ ಮಾತು. ಜೆನ್ನರನು ಗೋಸಿಡುಬಿನ ರಸದಿಂದ ಸಿಡುಬನ್ನು ತಡೆಯಬಹುದೆಂಬುದನ್ನು 1798ರಲ್ಲಿ ಪ್ರಕಟಿಸಿದನು. ಆ ರಸವನ್ನು ಭಾರತಕ್ಕೆ ತರುವ ಪ್ರಯತ್ನಗಳು ಒಡನೆಯೇ ಮೊದಲಾದುವು. ಆದರೆ ಹಡಗಿನಲ್ಲಿ ತಿಂಗಳುಗಟ್ಟಲೆ ಉಷ್ಣವಲಯದ ಬಿಸಿಲನ್ನು ದಾಟಿ ಬಂದ ರಸವು ಕೈಸೇರುವ ವೇಳೆಗೆ ನಿಸ್ಸತ್ವವಾಗಿರುತ್ತಿತ್ತು. ಕೊನೆಗೆ ವಿಯೆನ್ನಾದ ವೈದ್ಯ ಜಾನ್ ದ ಕಾರೊ ಎಂಬಾತನು ರಸದಲ್ಲಿ ನೆನೆಸಿದ ಎಳೆಗಳನ್ನು ಗಾಜಿನ ಫಲಕಗಳ ನಡುವೆ ಇರಿಸಿ, ಮೇಣದಿಂದ ಮುಚ್ಚಿ, ಭೂಮಾರ್ಗವಾಗಿ ಬಾಗ್ದಾದಿಗೆ ಕಳುಹಿಸಿದನು. ಅಲ್ಲಿಂದ ಮುಂದಕ್ಕೆ ಗಾಜೂ ಮೇಣವೂ ಸಾಲದಾದುವು. ಮನುಷ್ಯರ ತೋಳೇ ಪಾತ್ರೆಯಾಯಿತು. ಒಬ್ಬರ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಎಂಟನೆಯ ದಿನದ ಸುಮಾರಿಗೆ ಇನ್ನೊಬ್ಬರ ತೋಳಿಗೆ ಹಚ್ಚುತ್ತ, ಬಾಗ್ದಾದಿನಿಂದ ಬಸ್ರಾಕ್ಕೆ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ತಂದರು. 1802ರ ಜೂನ್ 14ರಂದು ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಹಚ್ಚಿದ ರಸವು ಫಲಿಸಿತು. ಭಾರತದಲ್ಲಿ ಮೊದಲು ಹರಡಿದ ದೇವಿಯ ರಸವೆಲ್ಲ ಆ ಮಗುವಿನ ತೋಳಿನಿಂದ ಹೊರಟದ್ದೆಂಬುದು ಪ್ರಸಿದ್ಧವಾದ ಸಂಗತಿ.

ಮೈಸೂರಿಗೆ ಅದು ಬಂದದ್ದೂ ಹೀಗೆಯೇ, ತೋಳಿನಿಂದ ತೋಳಿಗೆ. ದಿವಾನ್ ಪೂರ್ಣಯ್ಯನವರ ಆಡಳಿತಕಾಲದಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರನ್ನು ವರಿಸಿ ಬಂದ ಎಳೆಯ ರಾಣಿ ದೇವಾಜಮ್ಮಣ್ಣಿಯವರು 1806ರಲ್ಲಿ ದೇವಿ ಹಾಕಿಸಿಕೊಂಡರು. ಥಾಮಸ್ ಹಿಕ್ಕಿ ಎಂಬ ಐರಿಷ್ ಚಿತ್ರಕಾರನು ಬರೆದ ಮೂವರು ಸ್ತ್ರೀಯರ ತೈಲಚಿತ್ರವೊಂದರಲ್ಲಿ ಸೆರಗನ್ನು ಸರಿಸಿ ತೋಳನ್ನು ತೋರುವ ಭಂಗಿಯಲ್ಲಿರುವವರು ಆ ರಾಣಿಯೇ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಗುರುತಿಸಿದ್ದಾರೆ. ಈ ಗುರುತು ಊಹೆಯ ಅಂಶದಿಂದ ಪೂರ್ಣ ಮುಕ್ತವಲ್ಲವಾದರೂ ಒಪ್ಪತಕ್ಕದ್ದಾಗಿದೆ ಎಂಬುದು ನಮ್ಮ ಅಭಿಪ್ರಾಯ. ಸೋಮನಹಳ್ಳಿಯ ತಾಯಿ ಸೆರಗನ್ನು ಸರಿಸಿದಾಗ ನಮಗೆ ಆ ಚಿತ್ರದ ನೆನಪಾದದ್ದು ಸಹಜವೇ.

ತೋಳನ್ನು ಪಾತ್ರೆಯಾಗಿ ಮಾಡಿಕೊಂಡುದರಲ್ಲಿ ಒಂದು ಕೇಡಿತ್ತು. ರಸದೊಡನೆ ಆ ತೋಳಿನಲ್ಲಿ ಇದ್ದ ಬೇರೆ ರೋಗಗಳೂ ಸಾಗಿ ಹೋಗಬಹುದಾಗಿತ್ತು. ಯೂರೋಪಿನಲ್ಲಿ ಹಾಗೆ ಪರಂಗಿ ರೋಗವು ಹರಡಿದ ನಿದರ್ಶನಗಳಿವೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಡಸುಗಳ ಮೈಮೇಲೆ ಬೆಳೆದ ರಸವನ್ನು ಗ್ಲಿಸರಿನ್‌ನಲ್ಲಿ ಕಲಸಿ ಸಣ್ಣ ಗಾಜಿನ ನಳಿಗೆಗಳಲ್ಲಿ ತುಂಬುವ ಕ್ರಮ ಬಂದಿತು. ಗ್ಲಿಸರಿನ್ ಇತರ ಸೂಕ್ಷ್ಮಜೀವಿಗಳನ್ನು ಕ್ರಮೇಣ ಕೊಂದು ರಸವನ್ನು ಉಳಿಸುತ್ತದೆ. ಆದರೆ ನಮ್ಮ ಬೇಸಗೆಯ ಮುಂದೆ ಅದೂ ಬಹಳ ದಿನ ನಿಲ್ಲದು. ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಲೆಸ್ಲಿ ಕಾಲಿಯರ್ ಎಂಬುವರು ರಸವನ್ನು ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಒಣಗಿಸಿ, ಪುಡಿಯಾಗಿಸುವ ವಿಧಾನವನ್ನು ಪಕ್ವಗೊಳಿಸಿದ ಮೇಲೆ ಈ ತೊಡಕು ಬಗೆಹರಿಯಿತು. 37 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ನಾಲ್ಕು ವಾರವಿಟ್ಟರೂ ಸತ್ವಗುಂದಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯು ಆ ಪುಡಿಗೆ ವಿಧಿಸಿದ ಪರೀಕ್ಷೆ. ಭಾರತದಲ್ಲಿ ಅದನ್ನು ತಯಾರಿಸಿದ ಕೆಲವೇ ಕೇಂದ್ರಗಳಲ್ಲಿ ಬೆಳಗಾವಿಯ ವ್ಯಾಕ್ಸಿನ್ ಸಂಸ್ಥೆಯೂ ಒಂದು. ಸಿಡುಬು ನಿರ್ಮೂಲವಾದುದಕ್ಕೆ ಹಲವು ಕಾರಣಗಳನ್ನು ಹೇಳುವುದುಂಟು. ನೀರನ್ನು ತೆಗೆದುಹಾಕಿದುದು ಅವುಗಳಲ್ಲಿ ಪ್ರಧಾನವೆಂದು ನಾವು ಎಣಿಸುತ್ತೇವೆ, ಏಕೆಂದರೆ ಔಷಧವು ಕೆಡುವ ರಾಸಾಯನಿಕ ಕ್ರಿಯೆಗಳಲ್ಲಿ ಬಹುಪಾಲು ನಡೆಯುವುದು ನೀರಿನಲ್ಲಿಯೇ.

ಸಿರಿಂಜಿನಲ್ಲಿ ತುಂಬಿಟ್ಟ ಮದ್ದಿನ ಕಷ್ಟವೂ ಇಲ್ಲಿಯೇ ಇದೆ: ಅದು ದ್ರವರೂಪದಲ್ಲಿದೆ. ಅದರ ವಿಚಾರಕ್ಕೆ ಹೋಗುವ ಮುನ್ನ ಬಿರಡೆಯ ಕಥೆಯೊಂದನ್ನು ಹೇಳಬೇಕು.

1898ರಲ್ಲಿ ಪ್ಲೇಗು ಮುಂಬಯಿಯಿಂದ ತೆಂಕಣಕ್ಕೆ ಇಳಿದು ಹುಬ್ಬಳ್ಳಿ, ಧಾರವಾಡ, ಬೆಂಗಳೂರು, ಮೈಸೂರುಗಳನ್ನು ಹೊಕ್ಕಿತು. ಹಾಫ್‌ಕಿನ್ ಎಂಬ ವಿಜ್ಞಾನಿಯು ಹಿಂದಿನ ವರ್ಷವಷ್ಟೇ ಮುಂಬಯಿಯಲ್ಲಿ ಸಿದ್ಧಪಡಿಸಿದ್ದ ಪ್ಲೇಗಿನ ಲಸಿಕೆಯನ್ನು ಬಹು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದ ಮೊದಲ ಊರುಗಳಲ್ಲಿ ಹುಬ್ಬಳ್ಳಿಯು ಗಣ್ಯವಾದುದು. ಅಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಹತ್ತಾರು ಸಾವಿರ ಜನರಿಗೆ ಲಸಿಕೆಯನ್ನು ಚುಚ್ಚಲಾಯಿತು. ಆ ಲಸಿಕೆಯು ಬಂದದ್ದು ಬಿರಡೆ ಹಾಕಿದ ಸೀಸೆಗಳಲ್ಲಿ. ಒಂದು ಸೀಸೆಯಿಂದ ಅನೇಕರಿಗೆ ಮದ್ದು. ನಾಲ್ಕು ವರ್ಷಗಳ ತರುವಾಯ, 1902ರ ಅಕ್ಟೋಬರ್ 30ರಂದು, ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಈ ಲಸಿಕೆಯನ್ನು ಚುಚ್ಚಿದಾಗ, ಒಂದೇ ಒಂದು ಸೀಸೆಯಿಂದ ಮದ್ದು ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಉಳಿದವರಿಗೆ ಏನೂ ಆಗಲಿಲ್ಲ. ವಿಷವು ಮುಂಬಯಿಯ ಪ್ರಯೋಗಶಾಲೆಯಲ್ಲಿಯೇ ಸೀಸೆಯೊಳಗೆ ಸೇರಿತ್ತೆ, ಅಥವಾ ಹಳ್ಳಿಯಲ್ಲಿ ಬಿರಡೆಯನ್ನು ತೆಗೆಯುವಾಗ ಸೇರಿತೆ? ವಿಚಾರಣಾ ಮಂಡಲಿಯು ಮೊದಲನೆಯದೆಂದಿತು. ಹಾಫ್‌ಕಿನ್ ಹುದ್ದೆಯನ್ನು ಕಳೆದುಕೊಂಡನು. ಬಿರಡೆಯನ್ನು ಕೀಳಲು ಬಳಸಿದ ಇಕ್ಕಳವು ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿ ಮಾಡದೆಯೇ ಬಳಸಿದ್ದರು ಎಂಬ ಅಂಶವು ಪ್ರಾಧಾನ್ಯಕ್ಕೆ ಬಂದು, ರೊನಾಲ್ಡ್ ರಾಸ್ ಮೊದಲಾದವರು ಪತ್ರಿಕೆಗಳಲ್ಲಿ ವಾದಿಸಿದ ಮೇಲೆ, 1907ರಲ್ಲಿ ಅವನ ಮೇಲಿದ್ದ ಕಳಂಕ ತೊಡೆದುಹೋಯಿತು. ಲಸಿಕೆಯು ನಿರ್ದೋಷವಾಗಿದ್ದರೂ ಪಾತ್ರೆಯ ಬಾಯಿಯಲ್ಲಿ ಸಾವು ಕುಳಿತಿರಬಹುದು. ಆಗಲೂ ನಿಂದೆ ಮೊದಲು ಬರುವುದು ಲಸಿಕೆಯ ಮೇಲೆಯೇ.

ಅನೇಕರಿಗೆ ಒಂದು ಸೀಸೆ ಎಂಬುದಕ್ಕೆ ಬದಲಾಗಿ ಒಬ್ಬರಿಗೆ ಒಂದು ಪಾತ್ರೆ ಎಂಬ ವಿಚಾರವು ಇದೇ ಕಾಲದಲ್ಲಿ ಬೇರೂರುತ್ತಿತ್ತು. ಚರ್ಮದಡಿಗೆ ಮದ್ದನ್ನು ಹೊಗಿಸುವ ಸಿರಿಂಜು 1853ರ ಸುಮಾರಿನಲ್ಲಿ ಎಡಿನ್‌ಬರೋದ ಅಲೆಗ್ಸಾಂಡರ್ ವುಡ್ ಮತ್ತು ಫ್ರಾನ್ಸಿನ ಪ್ರಾವಾ ಇವರಿಂದ ರೂಪುಗೊಂಡಿತ್ತು. ಗಾಜನ್ನೇ ಕರಗಿಸಿ ಬಾಯಿ ಮುಚ್ಚಿದ ಆಂಪೂಲನ್ನು 1886ರಲ್ಲಿ ಪ್ಯಾರಿಸ್ಸಿನ ಲಿಮೂಸಾಂ ಬಳಕೆಗೆ ತಂದನು. ಎರಡನೆಯ ಮಹಾಯುದ್ಧದ ರಣರಂಗದಲ್ಲಿ ಸೈನಿಕರ ಜೇಬಿನಲ್ಲಿ ಮಾರ್ಫಿನ್ ತುಂಬಿದ, ಸೂಜಿ ಜೋಡಿಸಿದ ಸಣ್ಣ ಲೋಹದ ಕೊಳವೆಗಳಿದ್ದುವು. ಪಾತ್ರೆ ಮತ್ತು ಸೂಜಿ ಒಂದಾದುದು ಹೀಗೆ. ಇಂದು ರಕ್ತವು ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಬಗೆಯ ಮದ್ದುಗಳು, ಕೆಲವು ಲಸಿಕೆಗಳು, ಮೂತ್ರಪಿಂಡದ ರೋಗಿಗಳಿಗೆ ಕೊಡುವ ರಕ್ತವರ್ಧಕ ಎರಿಥ್ರೊಪೊಯಟಿನ್ ಇವೆಲ್ಲ ಕಾರ್ಖಾನೆಯಲ್ಲಿಯೇ ಸಿರಿಂಜಿನೊಳಗೆ ತುಂಬಿ ಬರುತ್ತವೆ.

ಇಂಥ ಸಿರಿಂಜಿನೊಳಗೆ ಏನೇನಿದೆಯೆಂದು ನೋಡೋಣ. ಮದ್ದು ಇದೆ, ಅದರ ಸುತ್ತ ಗಾಜು ಅಥವಾ ಪ್ಲಾಸ್ಟಿಕ್ಕು ಇದೆ. ಹಿಂಬದಿಯಲ್ಲಿ ಸರಿಯುವ ರಬ್ಬರಿನ ಬಿರಡೆಯಿದೆ. ಬಿರಡೆ ನುಣ್ಣಗೆ ಜಾರಲೆಂದು ಒಳಗೋಡೆಗೆ ಸವರಿದ ಸಿಲಿಕೋನ್ ಎಣ್ಣೆಯಿದೆ. ಗಾಜಿನ ಸಿರಿಂಜಿನ ತುದಿಯಲ್ಲಿ ಸೂಜಿಗಾಗಿ ರಂಧ್ರವನ್ನು ಮಾಡುವಾಗ ಕಾದ ಟಂಗ್‌ಸ್ಟನ್ ಕಡ್ಡಿಯನ್ನು ಬಳಸುವುದರಿಂದ ಆ ಲೋಹದ ಅಣುಪ್ರಮಾಣದ ಶೇಷವೂ ಉಳಿಯಬಹುದು. ಇವಲ್ಲದೆ ಒಂದಿಷ್ಟು ಗಾಳಿಗುಳ್ಳೆ. ಮದ್ದು ಆಂಪೂಲಿನಲ್ಲಿದ್ದಾಗ ಗಾಜನ್ನು ಮಾತ್ರ ಮುಟ್ಟುತ್ತಿತ್ತು. ಇಲ್ಲಿ ಐದಾರು ಪದಾರ್ಥಗಳನ್ನು ತಿಂಗಳುಗಟ್ಟಲೆ ಮುಟ್ಟಿಕೊಂಡಿರುತ್ತದೆ. ಮುಟ್ಟಿದುದರಿಂದ ಆಗಬಹುದಾದ ಕೇಡು ಎರಡು ತೆರ. ಪಾತ್ರೆಯಲ್ಲಿರುವುದು ಮದ್ದಿಗೆ ಇಳಿಯಬಹುದು: ರಬ್ಬರಿನಲ್ಲಿ ಬೆರೆಸಿದ ರಾಸಾಯನಿಕಗಳು ದ್ರವದಲ್ಲಿ ಕರಗಬಹುದು. ಅಥವಾ ಮದ್ದಿನಲ್ಲಿರುವುದು ಪಾತ್ರೆಗೆ ಅಂಟಿಕೊಳ್ಳಬಹುದು: ಇನ್ಸುಲಿನ್ನಿನಂತಹ ಪ್ರೋಟೀನುಗಳು ಗೋಡೆಗೆ ಹತ್ತಿಕೊಂಡು ದ್ರವವು ತೆಳುವಾಗಬಹುದು. ಪ್ರೋಟೀನಿನ ಅಣುಗಳು ಎಣ್ಣೆಯ ಹನಿಯನ್ನೋ ಗಾಳಿಗುಳ್ಳೆಯ ಮೈಯನ್ನೋ ಟಂಗ್‌ಸ್ಟನ್ ಕಣವನ್ನೋ ಆಶ್ರಯಿಸಿ, ತಮ್ಮ ಮಡಿಕೆಯನ್ನು ಬಿಚ್ಚಿ, ಒಂದಕ್ಕೊಂದು ಹೆಣೆದುಕೊಂಡು ಮುದ್ದೆಯಾಗುವುದೂ ಉಂಟು. ಮುದ್ದೆಯಾದ ಪ್ರೋಟೀನನ್ನು ದೇಹವು ತನ್ನದೆಂದು ಗುರುತಿಸದೆ ಹಗೆಯೆಂದು ಭಾವಿಸುವ ಸಂಭವವಿದೆ.

ಇದು ಬರಿಯ ಶಂಕೆಯಲ್ಲವೆಂಬುದಕ್ಕೆ ಎಪ್ರೆಕ್ಸ್ ಎಂಬ ಹೆಸರಿನ ಎರಿಥ್ರೊಪೊಯಟಿನ್ನಿನ ವೃತ್ತಾಂತವೇ ನಿದರ್ಶನ. ಈ ಮದ್ದು ಕೆಡದಿರಲೆಂದು ಅದರಲ್ಲಿ ಮನುಷ್ಯರ ರಕ್ತದಿಂದ ತೆಗೆದ ಆಲ್ಬುಮಿನ್ನನ್ನು ಬೆರೆಸುತ್ತಿದ್ದರು. ರಕ್ತಮೂಲದ ಪದಾರ್ಥದಿಂದ ಸೋಂಕು ಬಂದೀತೆಂಬ ಭಯದಿಂದ 1998ರಲ್ಲಿ ಯೂರೋಪಿನಲ್ಲಿ ಮಾರುವ ಮದ್ದಿನಿಂದ ಅದನ್ನು ತೆಗೆದು, ಪಾಲಿಸಾರ್ಬೇಟ್ 80 ಎಂಬ ಸಾಬೂನಿನಂತಹ ವಸ್ತುವನ್ನು ಸೇರಿಸಿದರು. ಮದ್ದು ಅದೇ, ಸಿರಿಂಜೂ ಅದೇ. ಆದರೆ ಮುಂದಿನ ನಾಲ್ಕೈದು ವರ್ಷಗಳಲ್ಲಿ ಚರ್ಮದಡಿಗೆ ಅದನ್ನು ಚುಚ್ಚಿಸಿಕೊಳ್ಳುತ್ತಿದ್ದ ಮೂತ್ರಪಿಂಡದ ರೋಗಿಗಳಲ್ಲಿ ಇನ್ನೂರರ ಸುಮಾರು ಮಂದಿಯ ಮೂಳೆಯ ಮಜ್ಜೆಯು ಕೆಂಪು ರಕ್ತಕಣಗಳನ್ನು ಹುಟ್ಟಿಸುವುದನ್ನೇ ನಿಲ್ಲಿಸಿಬಿಟ್ಟಿತು. ಅವರ ದೇಹವು ಚುಚ್ಚಿದ ಮದ್ದಿಗೆ ವಿರೋಧವಾಗಿ ಪ್ರತಿವಿಷವನ್ನು ಕಟ್ಟಿತ್ತು. ಆ ಪ್ರತಿವಿಷವು ದೇಹವೇ ತಯಾರಿಸುವ ಎರಿಥ್ರೊಪೊಯಟಿನ್ನನ್ನೂ ನಾಶಮಾಡುತ್ತಿತ್ತು. ಹೊಸದಾಗಿ ಸೇರಿಸಿದ ಪದಾರ್ಥವು ಸಿರಿಂಜಿನ ರಬ್ಬರ್ ಬಿರಡೆಯಿಂದ ರಾಸಾಯನಿಕಗಳನ್ನು ಕರಗಿಸಿ ಇಳಿಸಿತು, ಅವು ದೇಹವನ್ನು ಕೆರಳಿಸಿದುವು ಎಂಬುದು ತಯಾರಕರು ಮುಂದಿಟ್ಟ ವಿವರಣೆ. ಬಿರಡೆಗೆ ಲೇಪನ ಹಾಕಿದರು. ಮದ್ದನ್ನು ರಕ್ತನಾಳಕ್ಕೆ ಕೊಡುವಂತೆ ವೈದ್ಯರಿಗೆ ತಿಳಿಸಿದರು. ಕಾಯಿಲೆ ಬಹುಮಟ್ಟಿಗೆ ಇಳಿಯಿತು. ಎರಡನ್ನೂ ಸರಿಸುಮಾರು ಒಂದೇ ಕಾಲದಲ್ಲಿ ಮಾಡಿದುದರಿಂದ ಯಾವುದರಿಂದ ಎಷ್ಟು ಪ್ರಯೋಜನವಾಯಿತೆಂಬುದು ಇಂದಿಗೂ ವಾದಗ್ರಸ್ತ. ಮುಲ್ಕೋವಾಲಿನ ಕಡತವನ್ನು ಓದಿದವರಿಗೆ ಈ ತೊಡಕು ಅಪರಿಚಿತವಾಗಿ ತೋರದು.

ಇನ್ನೊಂದು ಪ್ರಸಂಗವು ನಮ್ಮ ಸೋಮನಹಳ್ಳಿಯ ಪ್ರಶ್ನೆಗೆ ಮತ್ತಷ್ಟು ಹತ್ತಿರದ್ದು. ಅಮೆರಿಕದ ಅನೇಕ ಆಸ್ಪತ್ರೆಗಳಲ್ಲಿ ಅರಿವಳಿಕೆಯ ಮತ್ತು ನೋವು ನಿವಾರಣೆಯ ಮದ್ದುಗಳನ್ನು ಮುಂಚಿತವಾಗಿಯೇ ಸಾಮಾನ್ಯ ಪ್ಲಾಸ್ಟಿಕ್ ಸಿರಿಂಜುಗಳಲ್ಲಿ ತುಂಬಿಡುವ ವಾಡಿಕೆಯಿತ್ತು. 2015ರ ಆಗಸ್ಟಿನಲ್ಲಿ ಅಲ್ಲಿಯ ಆಹಾರ ಮತ್ತು ಔಷಧ ಆಡಳಿತವು ಒಂದು ಎಚ್ಚರಿಕೆಯನ್ನು ಹೊರಡಿಸಿತು: ಒಂದು ಬಗೆಯ 3 ಮತ್ತು 5 ಮಿಲಿಲೀಟರಿನ ಸಿರಿಂಜುಗಳಲ್ಲಿ ತುಂಬಿಟ್ಟ ಫೆಂಟನಿಲ್, ಮಾರ್ಫಿನ್, ಅಟ್ರೋಪಿನ್ ಮೊದಲಾದುವು ರಬ್ಬರ್ ಬಿರಡೆಯೊಡನೆ ವರ್ತಿಸಿ ಸತ್ವಗುಂದುತ್ತಿರಬಹುದು, ಬೇರೆ ಉಪಾಯವಿದ್ದರೆ ಅವನ್ನು ಬಳಸಬಾರದು. ಮರುತಿಂಗಳು ಇತರ ಅಳತೆಯ ಸಿರಿಂಜುಗಳಿಗೂ ಎಚ್ಚರಿಕೆ ವಿಸ್ತರಿಸಿತು. ಸಿರಿಂಜಿನಲ್ಲಿ ದೋಷವಿತ್ತೆಂದು ಹೇಳುವಂತಿಲ್ಲ. ಆ ಸಿರಿಂಜಿಗೆ ಕೊಟ್ಟ ಪರವಾನೆಯು ಮದ್ದನ್ನು ಎಳೆದುಕೊಂಡು ಕೂಡಲೆ ಚುಚ್ಚುವ ಸಾಧನವೆಂದು. ಕೂಡಿಡುವ ಪಾತ್ರೆಯೆಂದು ಅದನ್ನು ಯಾರೂ ಪರೀಕ್ಷಿಸಿರಲೇ ಇಲ್ಲ.

ಈ ಭೇದವನ್ನು ವಾಚಕರು ಗಮನಿಸಬೇಕೆಂದು ನಮ್ಮ ಕೋರಿಕೆ. ಕಾರ್ಖಾನೆಯಲ್ಲಿ ತುಂಬಿದ ಸಿರಿಂಜು ಮತ್ತು ಮನೆಯಲ್ಲಿಯೋ ಆಸ್ಪತ್ರೆಯಲ್ಲಿಯೋ ತುಂಬಿದ ಸಿರಿಂಜು ನೋಡಲು ಒಂದೇ. ಮೊದಲನೆಯದರಲ್ಲಿ ಆ ಮದ್ದನ್ನೂ ಆ ಗಾಜನ್ನೂ ಆ ಬಿರಡೆಯನ್ನೂ ಒಟ್ಟಿಗೆ ಸೇರಿಸಿ, ನಿಯತವಾದ ಉಷ್ಣತೆಯಲ್ಲಿ ವರ್ಷಗಟ್ಟಲೆ ಇಟ್ಟು, ಆಗಾಗ ತೆಗೆದು ಅಳೆದು, ಸತ್ವವು ನಿಗದಿಯಾದ ಮಟ್ಟಕ್ಕಿಂತ (ಸಾಮಾನ್ಯವಾಗಿ ನೂರಕ್ಕೆ ತೊಂಬತ್ತು, ಕೆಲವಕ್ಕೆ ಇನ್ನೂ ಬಿಗಿ) ಕೆಳಗಿಳಿಯದೆ ಇರುವಷ್ಟು ಕಾಲವನ್ನು ಲೇಬಲ್ಲಿನ ಮೇಲೆ ಅಚ್ಚು ಮಾಡಿರುತ್ತಾರೆ. ಎರಡನೆಯದಕ್ಕೆ ಅಂತಹ ದಿನಾಂಕವಿಲ್ಲ. ಸೀಸೆಯ ಮೇಲೆ ಅಚ್ಚಾದ ದಿನಾಂಕವು ಸೀಸೆಗೆ ಸಲ್ಲುತ್ತದೆ, ಸಿರಿಂಜಿಗೆ ಸಲ್ಲುವುದಿಲ್ಲ.

ಹಾಗಾದರೆ ಇನ್ಸುಲಿನ್ನನ್ನು ತುಂಬಿಡುವುದು ತಪ್ಪೆ? ಅದೃಷ್ಟವಶಾತ್ ಈ ಒಂದು ಮದ್ದಿನ ವಿಷಯದಲ್ಲಿ ಪರೀಕ್ಷೆಗಳು ನಡೆದಿವೆ. ಕಣ್ಣು ಕಾಣದ ಮುದುಕರಿಗಾಗಿ ಮನೆಯವರೋ ದಾದಿಯರೋ ಮುಂಚಿತವಾಗಿ ತುಂಬಿಡುವುದು ಲೋಕದಲ್ಲೆಲ್ಲ ಇರುವ ವಾಡಿಕೆಯಾದುದರಿಂದ, 1980 ಮತ್ತು 1990ರ ದಶಕಗಳಲ್ಲಿಯೇ ಅಮೆರಿಕದ ಸಂಶೋಧಕರು ಪ್ಲಾಸ್ಟಿಕ್ ಸಿರಿಂಜುಗಳಲ್ಲಿ ಮನುಷ್ಯ ಇನ್ಸುಲಿನ್ನನ್ನು ತುಂಬಿ 28 ದಿನಗಳವರೆಗೆ ನೋಡಿದ್ದಾರೆ. ತಣ್ಣಗಿಟ್ಟ ಇನ್ಸುಲಿನ್ನು ಬಹುಮಟ್ಟಿಗೆ ಉಳಿದಿತ್ತು. ಕಡಮೆಯಾದುದು ಬೇರೊಂದು: ಸೂಕ್ಷ್ಮಜೀವಿಗಳು ಬೆಳೆಯದಿರಲೆಂದು ಇನ್ಸುಲಿನ್ನಿಗೆ ಬೆರೆಸಿರುವ ಫೀನಾಲ್, ಮೆಟಾಕ್ರೆಸಾಲ್‌ಗಳನ್ನು ಪ್ಲಾಸ್ಟಿಕ್ಕು ಮೆಲ್ಲಮೆಲ್ಲನೆ ಹೀರಿಕೊಳ್ಳುತ್ತದೆ, ತಣ್ಣಗಿದ್ದಲ್ಲಿ ನಿಧಾನವಾಗಿ, ಬೆಚ್ಚಗಿದ್ದಲ್ಲಿ ಬೇಗನೆ. ಮದ್ದು ಇದೆ, ಆದರೆ ಮದ್ದಿನ ಕಾವಲುಗಾರ ತೆಳುವಾಗುತ್ತಿದ್ದಾನೆ. ತುಂಬುವಾಗಿನ ಕೈಯ ಶುದ್ಧಿಗೆ ಬೆಲೆ ಬರುವುದು ಇಲ್ಲಿ. ಇಷ್ಟರಿಂದ ಎಲ್ಲ ಬಗೆಯ ಇನ್ಸುಲಿನ್ನಿಗೂ ಅಪ್ಪಣೆ ಸಿಕ್ಕಿತೆಂದು ತಿಳಿಯಬಾರದು. ಕೆಲವು ಹೊಸ ಬಗೆಗಳನ್ನು ಹೀಗೆ ತುಂಬಿಡುವುದನ್ನು ತಯಾರಕರು ಒಪ್ಪುವುದಿಲ್ಲ. ಅಲ್ಲದೆ ನಮ್ಮಲ್ಲಿ ಸೀಸೆಯ ಇನ್ಸುಲಿನ್ನು ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್ಟಿನದು, ಪೆನ್ನಿನದು 100 ಯೂನಿಟ್ಟಿನದು. ಕೆಂಪು ಮುಚ್ಚಳದ ಸಿರಿಂಜಿಗೆ ಬದಲಾಗಿ ಕಿತ್ತಳೆ ಮುಚ್ಚಳದ್ದನ್ನು ಬಳಸಿದರೆ ಮದ್ದು ಕೆಡದಿದ್ದರೂ ಅಳತೆ ಕೆಡುತ್ತದೆ. ಇದು ನಮ್ಮ ವಿಷಯಕ್ಕೆ ಹೊರಗಿನದಾದರೂ ಹೇಳದಿರಲು ಮನಸ್ಸು ಬಾರದು.

ಇನ್ನು ಉಷ್ಣತೆಯ ಮಾತು. ಉಷ್ಣತೆಯು ಹತ್ತು ಡಿಗ್ರಿ ಏರಿದರೆ ಕೆಡುವ ವೇಗವು ಇಮ್ಮಡಿಯೋ ಮುಮ್ಮಡಿಯೋ ಆಗುತ್ತದೆಂಬುದು ರಸಾಯನಶಾಸ್ತ್ರದ ಸ್ಥೂಲವಾದ ಲೆಕ್ಕ. ಆದುದರಿಂದ ತಂಪು ಬೇಕು; ತಂಪಿಗೆ ವಿದ್ಯುತ್ತು ಬೇಕು. ಮಂಡ್ಯ ಜಿಲ್ಲೆಯವರಿಗೆ ಇದರಲ್ಲಿ ಒಂದು ವಿಪರ್ಯಾಸ ಕಾಣದಿರದು. ಇದೇ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು, ತಂತಿಯ ಮೇಲೆ ಸುಮಾರು 147 ಕಿಲೋಮೀಟರು ಸಾಗಿ, ಮೊದಲು ತಲುಪಿದ್ದು ಕೋಲಾರದ ಚಿನ್ನದ ಗಣಿಗಳನ್ನು. 1905ರಲ್ಲಿ ಬೆಂಗಳೂರಿಗೆ ದೀಪ ಬಂದಿತು. ಸುತ್ತಣ ಹಳ್ಳಿಗಳ ಸರದಿ ಬಂದದ್ದು ಬಹಳ ತಡವಾಗಿ. ಈಗ ಸೋಮನಹಳ್ಳಿಯ ಆ ಮನೆಯಲ್ಲಿ ಫ್ರಿಜ್ಜೂ ಇದೆ, ವಿದ್ಯುತ್ತೂ ಇದೆ; ಮಳೆಗಾಳಿಯ ದಿನಗಳಲ್ಲಿ ಗಂಟೆಗಟ್ಟಲೆ ಇಲ್ಲದಿರುವುದೂ ಇದೆ. ಆ ಗಂಟೆಗಳಲ್ಲಿ ಏನಾಗುತ್ತದೆ?

ಆಧಾರಗಳು ಪರಸ್ಪರ ಒಪ್ಪುವುದಿಲ್ಲ. 2009ರಲ್ಲಿ ಪುದುಚೇರಿಯ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ 32 ಮತ್ತು 37 ಡಿಗ್ರಿಯಲ್ಲಿ 28 ದಿನ ಇಟ್ಟ ಇನ್ಸುಲಿನ್ನು ನೂರಕ್ಕೆ 14ರಿಂದ 18ರಷ್ಟು ಸತ್ವವನ್ನು ಕಳೆದುಕೊಂಡಿತು. 2021ರಲ್ಲಿ ಜಿನೀವಾ ವಿಶ್ವವಿದ್ಯಾನಿಲಯದವರೂ ಗಡಿಗಳಿಲ್ಲದ ವೈದ್ಯರ ಸಂಘಟನೆಯವರೂ ಕೂಡಿ, ಕೀನ್ಯದ ದದಾಬ್ ನಿರಾಶ್ರಿತರ ಶಿಬಿರದ ಮನೆಗಳಲ್ಲಿ ಹಗಲಿರುಳು ಏರಿಳಿಯುವ 25ರಿಂದ 37 ಡಿಗ್ರಿಯ ಉಷ್ಣತೆಯನ್ನು ಅನುಕರಿಸಿ ನಾಲ್ಕು ವಾರ ಪರೀಕ್ಷಿಸಿದಾಗ, ತಂಪಿನಲ್ಲಿಟ್ಟುದಕ್ಕೂ ಇದಕ್ಕೂ ಗಣನೀಯ ಭೇದ ಕಾಣಲಿಲ್ಲ. 2023ರ ಕಾಕ್ರೇನ್ ಸಮೀಕ್ಷೆಯು ಲಭ್ಯವಿದ್ದ ಸಾಕ್ಷ್ಯವನ್ನೆಲ್ಲ ಕೂಡಿಸಿ ನೋಡಿ, ತೆರೆಯದ ಮನುಷ್ಯ ಇನ್ಸುಲಿನ್ನಿನ ಕೆಲವು ಬಗೆಗಳು 25 ಡಿಗ್ರಿಯವರೆಗೆ ಆರು ತಿಂಗಳೂ 37 ಡಿಗ್ರಿಯವರೆಗೆ ಎರಡು ತಿಂಗಳೂ ಗಣ್ಯವಾದ ನಷ್ಟವಿಲ್ಲದೆ ಉಳಿಯಬಲ್ಲುವೆಂಬ ಕಡೆಗೆ ವಾಲಿತು. ನಮ್ಮ ಮನಸ್ಸೂ ಅತ್ತ ಕಡೆಗೇ ವಾಲುತ್ತದೆ. ಆದರೆ ಇವೆಲ್ಲವೂ ಸೀಸೆ ಮತ್ತು ಅಂತಹ ಮೂಲ ಪಾತ್ರೆಗಳಲ್ಲಿದ್ದ ಇನ್ಸುಲಿನ್ನಿನ ಮಾತು. ಪ್ಲಾಸ್ಟಿಕ್ ಸಿರಿಂಜಿನ ಮಾತಲ್ಲ. ಕಾವಿನ ಭಯಕ್ಕಿಂತ ಹೆಪ್ಪಿನ ಭಯ ದೊಡ್ಡದೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ: ಒಮ್ಮೆ ಮಂಜುಗಡ್ಡೆಯಾದ ಇನ್ಸುಲಿನ್ನನ್ನು ಕರಗಿಸಿ ಬಳಸುವಂತಿಲ್ಲ. ಮಂಜುಗಡ್ಡೆಯ ಖಾನೆಯ ಪಕ್ಕದಲ್ಲಿ ಇಟ್ಟರೆ ಹೆಚ್ಚು ಭದ್ರವೆಂದು ನಂಬಿ ಮದ್ದನ್ನು ಕೆಡಿಸಿಕೊಂಡವರು ನಮ್ಮ ಬಂಧುವರ್ಗದಲ್ಲಿಯೇ ಉಂಟು.

ತಂಪನ್ನು ಹಳ್ಳಿಗೆ ಮುಟ್ಟಿಸಲಾರದ ಕಡೆ ಮದ್ದನ್ನೇ ಬದಲಿಸಿದ ನಿದರ್ಶನವೂ ಕರ್ನಾಟಕದಲ್ಲಿದೆ. ಹೆರಿಗೆಯಾದೊಡನೆ ರಕ್ತಸ್ರಾವವನ್ನು ತಡೆಯಲು ಕೊಡುವ ಆಕ್ಸಿಟೋಸಿನ್ ಎಂಬ ಸೂಜಿಮದ್ದು ತಂಪನ್ನು ಬಯಸುತ್ತದೆ. ತಂಪಿಲ್ಲದೆ ಸತ್ವಗುಂದಿದ ಆಂಪೂಲನ್ನು ಕಣ್ಣಿನಿಂದ ನೋಡಿ ತಿಳಿಯುವ ಬಗೆಯಿಲ್ಲ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಅಲ್ಲಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರೊಡಗೂಡಿ, 1620 ಹೆಂಗಸರಲ್ಲಿ ಕೆಲವರಿಗೆ ಮಿಸೊಪ್ರೋಸ್ಟಾಲ್ ಎಂಬ ತಂಪು ಬೇಡದ ಮಾತ್ರೆಯನ್ನೂ ಉಳಿದವರಿಗೆ ಔಷಧವಿಲ್ಲದ ಮಾತ್ರೆಯನ್ನೂ ದಾದಿಯರ ಕೈಯಿಂದಲೇ ಕೊಡಿಸಿ ನೋಡಿದರು. ಅತಿಯಾದ ರಕ್ತಸ್ರಾವವು ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಬಿಸಿಲನ್ನು ತಾಳುವ ಕಾರ್ಬಿಟೋಸಿನ್ ಎಂಬ ಸೂಜಿಮದ್ದನ್ನು ಭಾರತವೂ ಸೇರಿ ಹತ್ತು ದೇಶಗಳ 29,645 ಹೆಂಗಸರಲ್ಲಿ ಪರೀಕ್ಷಿಸಿದ ವರದಿಯು 2018ರಲ್ಲಿ ಹೊರಬಂದಿತು. ಅದರಲ್ಲಿಯೂ ಬೆಳಗಾವಿಯವರು ಭಾಗಿಗಳಾಗಿದ್ದರು. ದೇವಿಯ ರಸವನ್ನು ಒಣಗಿಸಿದುದೂ ಇದೇ ಜಾತಿಯ ಉಪಾಯವಲ್ಲವೆ? ಇನ್ಸುಲಿನ್ನಿಗೆ ಅಂತಹ ಉಪಾಯ ಇನ್ನೂ ಬಳಕೆಗೆ ಬಂದಿಲ್ಲ. ಅದು ದ್ರವವಾಗಿಯೇ ಸಿರಿಂಜಿನಲ್ಲಿ ಕುಳಿತಿರಬೇಕು.

ಇಷ್ಟನ್ನು ಓದಿಕೊಂಡು, ನಮಗೆ ಪರಿಚಿತರಾದ ಒಬ್ಬ ಔಷಧಶಾಸ್ತ್ರದ ಅಧ್ಯಾಪಕರೊಡನೆ ಚರ್ಚಿಸಿ, ಅವರ ಸಲಹೆಯನ್ನು ಕಾಗದದ ಮೇಲೆ ಬರೆದುಕೊಂಡು ನಾವು ಎರಡನೆಯ ಸಲ ಸೋಮನಹಳ್ಳಿಗೆ ಹೋದೆವು. ಆ ತಾಯಿ ತೆಗೆದುಕೊಳ್ಳುವುದು ಹಾಲಿನಂತೆ ಮಬ್ಬಾಗಿರುವ ಮಿಶ್ರ ಇನ್ಸುಲಿನ್ನು. ಅದನ್ನು ಒಂದು ವಾರದ ಮಟ್ಟಿಗೆ ತುಂಬಿಡಲು ಅಡ್ಡಿಯಿಲ್ಲ, ತಿಂಗಳುಗಟ್ಟಲೆ ಬೇಡ. ಕೈ ತೊಳೆದು ತುಂಬಬೇಕು. ಗಾಳಿಗುಳ್ಳೆಯನ್ನು ಹೊರಗೆ ತಳ್ಳಬೇಕು. ತುಂಬಿದ ದಿನವನ್ನು ಬರೆದಿಡಬೇಕು. ಮಬ್ಬಿನ ಕಣಗಳು ಕೆಳಗಿಳಿದು ಸೂಜಿಯ ರಂಧ್ರವನ್ನು ಮುಚ್ಚದಂತೆ ಸೂಜಿಯನ್ನು ಮೇಲ್ಮುಖವಾಗಿ ನಿಲ್ಲಿಸಬೇಕು. ಚುಚ್ಚಿಕೊಳ್ಳುವ ಮುನ್ನ ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು. ಕುಲುಕಬಾರದು, ಏಕೆಂದರೆ ಕುಲುಕಿದರೆ ಗಾಳಿಯ ಸಂಪರ್ಕದಿಂದ ಪ್ರೋಟೀನು ಮುದ್ದೆಗಟ್ಟುತ್ತದೆ. ವಿದ್ಯುತ್ತು ಹೋದರೆ ಫ್ರಿಜ್ಜಿನ ಬಾಗಿಲನ್ನು ತೆರೆಯದಿರುವುದೇ ಮೊದಲ ಉಪಾಯ; ದೀರ್ಘಕಾಲ ಬಾರದಿದ್ದರೆ ಒದ್ದೆಬಟ್ಟೆ ಸುತ್ತಿದ ಮಣ್ಣಿನ ಮಡಕೆಯೊಳಗೆ, ನೀರು ತಾಗದಂತೆ, ಡಬ್ಬಿಯಲ್ಲಿ ಇಡಬಹುದು; ನೀರು ಆವಿಯಾಗುವಾಗ ಒಳಗಣ ಕಾವು ಕೆಲವು ಡಿಗ್ರಿ ಇಳಿಯುತ್ತದೆ. ತಿರುಗಿಸಿದರೆ ಟಿಕ್‌ಟಿಕ್ ಎಂದು ಎಣಿಸುವ ಪೆನ್ನು ಕಣ್ಣು ಕಾಣದವರಿಗೆ ಮೇಲೆಂಬುದನ್ನೂ, ಅದನ್ನು ನೋಡುತ್ತಿರುವ ವೈದ್ಯರನ್ನೇ ಕೇಳಬೇಕೆಂಬುದನ್ನೂ ಹೇಳಿದೆವು.

ಮಗಳು ಎಲ್ಲವನ್ನೂ ಕೇಳಿ ಫ್ರಿಜ್ಜಿನ ಬಾಗಿಲನ್ನು ತೆರೆದು ತೋರಿಸಿದರು. ಎರಡು ಸ್ಟೀಲ್ ಲೋಟಗಳಲ್ಲಿ ಏಳೇಳು ಸಿರಿಂಜುಗಳು ಮೊದಲೇ ಮುಚ್ಚಳ ಮೇಲಾಗಿ ನಿಂತಿದ್ದುವು. ಹೀಗೆ ನಿಲ್ಲಿಸಲು ಯಾರು ಹೇಳಿಕೊಟ್ಟರೆಂದು ಕೇಳಿದೆವು. ಮಲಗಿಸಿಟ್ಟಾಗ ಒಂದು ಸಲ ಸೂಜಿ ಕಟ್ಟಿಕೊಂಡಿತಂತೆ. ಅಂದಿನಿಂದ ತಾಯಿಯೇ ಹೀಗೆ ಇಡಿಸುತ್ತಿದ್ದಾರಂತೆ. ಹೊತ್ತಾರೆಯ ಲೋಟದ ಕೊರಳಿಗೆ ಒಂದು ರಬ್ಬರ್ ಬ್ಯಾಂಡನ್ನು ಸುತ್ತಿತ್ತು, ಸಂಜೆಯದಕ್ಕೆ ಇರಲಿಲ್ಲ. ತಾಯಿ ಬೆರಳಿನಿಂದ ತಡವಿ ಒಂದನ್ನು ತೆಗೆದುಕೊಂಡು, ಉಳಿದುವನ್ನು ಎಣಿಸಿ, ಬಾಗಿಲನ್ನು ಮುಚ್ಚಿದರು.